ಚಳಿಗಾಲದ ಬಂದರಿನಲ್ಲಿ ಕಡಲಹಕ್ಕಿಗಳ ಫೋಟೋ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲ್ಪೆ, ಮಂಗಳೂರಿನ ಹಳೆ ಬಂದರು, ಕಾರವಾರದ ಬೈತಖೋಲ್: ಇಲ್ಲಿನ ಉತ್ತರಗಳು ಮುಖ್ಯವಾಗಿ ಈ ಮೂರು ಮೀನುಗಾರಿಕೆ ಬಂದರುಗಳನ್ನು ನೋಡಿ ಬರೆದವು. ಗಂಗೊಳ್ಳಿ, ಹೊನ್ನಾವರ, ತದಡಿಗೆ ಹೋಗುವವರಿಗೂ ಬಹುಪಾಲು ಹೊಂದುತ್ತವೆ.

ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು?

ಗಲ್‌ಗಳು, ಅಂದರೆ ಚಳಿಗಾಲಕ್ಕೆ ವಲಸೆ ಬರುವ ಬಿಳಿ-ಬೂದಿ ಕಡಲಹಕ್ಕಿಗಳು, ಅಕ್ಟೋಬರ್‌ನಿಂದ ಇಳಿಯತೊಡಗುತ್ತವೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಗುಂಪು ದೊಡ್ಡದು. ಆದರೆ ಒಂದೇ ಸಲ ಹೋಗಲು ಸಾಧ್ಯವಾದರೆ ಮಾರ್ಚ್ ಮೊದಲ ಎರಡು ವಾರ ಆರಿಸಿಕೊಳ್ಳಿ. ಚಳಿಗಾಲದುದ್ದಕ್ಕೂ ಬಿಳಿ ತಲೆ, ಕಣ್ಣಿನ ಹಿಂದೊಂದು ಕಪ್ಪು ಚುಕ್ಕೆ ಹೊತ್ತು ತಿರುಗುವ ಕಂದುತಲೆ ಗಲ್‌ಗಳಿಗೆ ಆಗ ನಿಜವಾಗಿ ಕಂದು ತಲೆ ಬಂದಿರುತ್ತದೆ. ಲಡಾಖ್ ಮತ್ತು ಟಿಬೆಟ್ ಪ್ರಸ್ಥಭೂಮಿಯ ಕೆರೆಗಳಲ್ಲಿ ಮರಿ ಮಾಡಲು ಹೊರಡುವ ಮುಂಚಿನ ವೇಷ ಅದು. ಏಪ್ರಿಲ್ ನಡುವಿಗೆ ಬಂದರು ಬಹುಮಟ್ಟಿಗೆ ಖಾಲಿ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಧಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆ) ಕಟ್ಟಿಹಾಕಿದ ಬೋಟು, ಕಾಗೆ, ಮಳೆ ಮಾತ್ರ.

ದಿನದ ಯಾವ ಹೊತ್ತು?

ಜನವರಿಯಲ್ಲಿ ಉಡುಪಿ ಕಡೆ ಸೂರ್ಯ ಹುಟ್ಟುವುದು ಹತ್ತಿರಹತ್ತಿರ 7 ಗಂಟೆಗೆ. ಹರಾಜು, ಮೀನು ಇಳಿಸುವ ಕೆಲಸ ನಸುಕಿನಲ್ಲೇ ಶುರುವಾಗಿರುತ್ತದೆ. 7:15ರಿಂದ 9:30ರವರೆಗಿನ ಬೆಳಕು ಚಿನ್ನ. 10 ಗಂಟೆ ದಾಟಿದರೆ ಕಾಂಕ್ರೀಟಿನಿಂದಲೂ ಬೋಟುಗಳ ಡೆಕ್ಕಿನಿಂದಲೂ ಬಿಸಿಗಾಳಿ ಎದ್ದು ದೂರದ ಹಕ್ಕಿ ಕದಡಿದ ನೀರಿನಲ್ಲಿ ಕಂಡಂತೆ ಮಸುಕಾಗುತ್ತದೆ. ಇದನ್ನು ಲೆನ್ಸಿನ ದೋಷವೆಂದು ತಿಳಿದು ರಿಪೇರಿಗೆ ಒಯ್ಯುವವರಿದ್ದಾರೆ. ಪರೀಕ್ಷೆ ಸುಲಭ: 10 ಮೀಟರ್ ದೂರದ ಹಕ್ಕಿ ಚೂಪಾಗಿ ಬಂದು 60 ಮೀಟರ್ ದೂರದ್ದು ಮೆತ್ತಗಾದರೆ ಅದು ಬಿಸಿಗಾಳಿಯ ಕೆಲಸ. ಸಂಜೆ 4:30ರಿಂದ 6:15ರವರೆಗೆ ಮತ್ತೆ ಒಳ್ಳೆಯ ಹೊತ್ತು.

ಎಲ್ಲಿ ನಿಲ್ಲಬೇಕು? ಹಕ್ಕಿ ಯಾವಾಗಲೂ ಬೆನ್ನು ತೋರಿಸಿಯೇ ಹಾರುತ್ತದಲ್ಲ?

ಬಂದರಿನ ಫೋಟೋದಲ್ಲಿ ಲೆನ್ಸಿಗಿಂತ ದೊಡ್ಡ ಪ್ರಶ್ನೆ ಇದು. ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮೀನಿನ ಚೂರಿನ ಮೇಲೆ ತೇಲುತ್ತ ನಿಲ್ಲುವಾಗಲೂ ಅದರ ಕೊಕ್ಕು ಗಾಳಿ ಬರುವ ದಿಕ್ಕಿಗೇ ಇರುತ್ತದೆ. ಹಾಗಾಗಿ ಗಾಳಿಯೂ ಸೂರ್ಯನೂ ನಿಮ್ಮ ಬೆನ್ನ ಹಿಂದೆ ಇರುವ ಜಾಗ ಹುಡುಕಬೇಕು. ಎರಡೂ ಒಂದೇ ದಿಕ್ಕಿನಲ್ಲಿ ಸಿಗುವುದು ಹೆಚ್ಚಿನ ಕಡೆ ಅದೃಷ್ಟದ ಮಾತು. ನಮ್ಮ ಕರಾವಳಿಯಲ್ಲಾದರೋ ಚಳಿಗಾಲದ ದಿನಚರಿಯೇ ಎರಡೂ ಒಟ್ಟಿಗೆ ಸಿಗುವ ಹಾಗಿದೆ.

ರಾತ್ರಿ ನೆಲ ತಣ್ಣಗಾಗಿರುವುದರಿಂದ ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ, ಅಂದರೆ ಪೂರ್ವದಿಂದ ಕಡಲಿಗೆ ಬೀಸುತ್ತದೆ. ಸೂರ್ಯನೂ ಪೂರ್ವದಲ್ಲೇ. ಪೂರ್ವಕ್ಕೆ ಬೆನ್ನು ಹಾಕಿ ನೀರಿನತ್ತ ಮುಖ ಮಾಡಿ ನಿಂತರೆ ಹಕ್ಕಿಗಳು ಮುಖದ ಮೇಲೆ ಬೆಳಕು ಹೊತ್ತು ನಿಮ್ಮ ಕಡೆಗೇ ಬರುತ್ತವೆ. 11 ಗಂಟೆಯ ಆಸುಪಾಸಿನಲ್ಲಿ ಗಾಳಿ ಸತ್ತು, ಮಧ್ಯಾಹ್ನದ ಮೇಲೆ ಪಶ್ಚಿಮ ಅಥವಾ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಅಷ್ಟರಲ್ಲಿ ಸೂರ್ಯನೂ ಪಶ್ಚಿಮಕ್ಕೆ ವಾಲಿರುತ್ತಾನೆ. ಈಗ ಬೆನ್ನು ಪಶ್ಚಿಮಕ್ಕೆ.

ಮಂಗಳೂರಿನಲ್ಲಿ ಇದನ್ನು ಅಕ್ಷರಶಃ ಪಾಲಿಸಬಹುದು. ಧಕ್ಕೆ ಇರುವುದು ನದಿಯ ಪೂರ್ವ ದಡದಲ್ಲಿ, ಎದುರಿಗೆ ಬೆಂಗ್ರೆಯ ಮರಳ ಪಟ್ಟಿ. ಬೆಳಿಗ್ಗೆ ಧಕ್ಕೆ ಬದಿ. ಸಂಜೆ ಬಂದರಿನಿಂದ ಫೆರಿ ಹತ್ತಿ ಬೆಂಗ್ರೆ ಬದಿ. ಸಂಜೆಯೂ ಧಕ್ಕೆಯಲ್ಲೇ ನಿಂತವರಿಗೆ ಕಪ್ಪು ನೆರಳುಗಳಷ್ಟೇ ಸಿಗುತ್ತವೆ. ಮಲ್ಪೆಯಲ್ಲಿ ಬಂದರಿನೊಳಗೆ ಜಾಗ ಸಿಗದಿದ್ದರೆ ಪಡುಕೆರೆ ಸೇತುವೆ ಮತ್ತು ಅಳಿವೆ ಬಾಗಿಲಿನ (ನದಿ ಕಡಲು ಸೇರುವ ಬಾಯಿ) ಸೀ ವಾಕ್ ಎಂಬ ನಡೆದಾರಿ ಇವೆ. ಸೇತುವೆಯ ಲಾಭವೇನೆಂದರೆ ಹಾರುವ ಹಕ್ಕಿ ನಿಮ್ಮ ಕಣ್ಣಿನ ಮಟ್ಟದಲ್ಲೇ ಹಾದುಹೋಗುತ್ತದೆ. ವಾಹನ ಹೋದಾಗ ಸೇತುವೆ ಅದುರುವುದರಿಂದ ಕೈಗಂಬಿಗೆ ಲೆನ್ಸ್ ಒರಗಿಸಬೇಡಿ.

ಗಾಳಿಯ ದಿಕ್ಕು ಗೊತ್ತಾಗದಿದ್ದರೆ ಬೋಟುಗಳ ಮೇಲಿನ ಬಾವುಟ ನೋಡಿ. ಇಲ್ಲವೇ ಸಾಲಾಗಿ ಕೂತ ಗಲ್‌ಗಳನ್ನು ನೋಡಿ, ಎಲ್ಲವೂ ಒಂದೇ ಕಡೆ ಮುಖ ಮಾಡಿರುತ್ತವೆ.

ಭರತ, ಇಳಿತದ ಲೆಕ್ಕ ಬೇಕೇ?

ಬೇಕು. ನೀರು ಏರಿಳಿಯುವುದು ಒಂದೂವರೆ ಮೀಟರಿನ ಆಸುಪಾಸಿನಲ್ಲಷ್ಟೇ ಆದರೂ ಅಳಿವೆಯ ಮರಳುದಿಣ್ಣೆ ಬಯಲಾಗಲು ಅಷ್ಟು ಸಾಕು. ಇಳಿತದಲ್ಲಿ ಗಲ್, ಟರ್ನ್ (ಗಲ್‌ಗಿಂತ ತೆಳ್ಳಗಿನ, ನೀರಿಗೆ ಧುಮುಕಿ ಮೀನು ಹಿಡಿಯುವ ಕಡಲಹಕ್ಕಿ), ಮರಳುಗೊರವಗಳು ದಿಣ್ಣೆಗೆ ಹೋಗಿ ಕೂರುತ್ತವೆ, ದೂರವಾಗುತ್ತವೆ. ಭರತದಲ್ಲಿ ದಿಣ್ಣೆ ಮುಳುಗಿ ಅವು ಬೋಟಿನ ಮೂತಿ, ಹಗ್ಗ, ಬಲೆಯ ರಾಶಿಗೆ ಬರುತ್ತವೆ. ಭರತದಲ್ಲಿ ಬೋಟುಗಳೂ ಮೇಲೆದ್ದು ಧಕ್ಕೆಯ ಅಂಚಿಗೆ ಸಮವಾಗುವುದರಿಂದ ಹಕ್ಕಿಯನ್ನು ಮೇಲಿನಿಂದ ಕೆಳಗೆ ನೋಡುವ ಪೇಚಾಟ ಇಲ್ಲ. ಬೆಳಿಗ್ಗೆ 8ರ ಸುಮಾರಿಗೆ ಭರತ ಬರುವ ದಿನ ಆರಿಸಿ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಆದ್ದರಿಂದ ಒಂದು ದಿನದ ಸಮಯ ಗೊತ್ತಿದ್ದರೆ ವಾರದ್ದನ್ನು ಅಂದಾಜಿಸಬಹುದು.

ಗಲ್‌ಗಳೆಲ್ಲ ಒಂದೇ ಥರ ಕಾಣುತ್ತವೆ. ಹೇಗೆ ಬೇರೆ ಮಾಡುವುದು?

ಮೊದಲು ಕಣ್ಣು ಮತ್ತು ರೆಕ್ಕೆಯ ತುದಿ. ಬೆಳೆದ ಕಂದುತಲೆ ಗಲ್‌ಗೆ ಕಣ್ಣು ತಿಳಿ ಬಣ್ಣದ್ದು. ಕಪ್ಪು ರೆಕ್ಕೆತುದಿಯೊಳಗೆ ಬಿಳಿ ಮಚ್ಚೆಗಳಿರುತ್ತವೆ. ಕರಿತಲೆ ಗಲ್ ತುಸು ಸಣ್ಣದು, ಕಣ್ಣು ಕಪ್ಪು, ರೆಕ್ಕೆಯ ಮುಂದಿನ ಅಂಚಿನುದ್ದಕ್ಕೂ ಬಿಳಿ ಪಟ್ಟೆ. ಮೊದಲ ಚಳಿಗಾಲದ ಕಂದುತಲೆ ಮರಿಗಳಿಗೆ ಬಿಳಿ ಮಚ್ಚೆ ಬಂದಿರುವುದಿಲ್ಲ, ತುದಿ ಪೂರ್ತಿ ಕಪ್ಪು, ಕಣ್ಣೂ ಅಷ್ಟು ತಿಳಿಯಲ್ಲ. ಗೊಂದಲ ಹುಟ್ಟುವುದು ಇಲ್ಲೇ. ಹಾಗಾಗಿ ಗುರುತಿಗೆಂದಾದರೂ ರೆಕ್ಕೆ ಪೂರ್ತಿ ಬಿಚ್ಚಿದ ಒಂದು ಚಿತ್ರ ಇಟ್ಟುಕೊಳ್ಳಿ.

ಇವೆರಡಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು, ಬೆನ್ನು ಗಾಢ ಬೂದಿ, ಕಾಲು ಹಳದಿ, ಹಳದಿ ಕೊಕ್ಕಿನ ತುದಿಯಲ್ಲಿ ಕೆಂಪು ಚುಕ್ಕೆ ಇದ್ದರೆ ಹ್ಯೂಗ್ಲಿನ್ ಗಲ್. ಅದಕ್ಕೂ ದೊಡ್ಡದು, ಕಣ್ಣಿನ ಸುತ್ತ ಕಪ್ಪು ಬಳಿದಂತಿದ್ದು ಕೊಕ್ಕಿನಲ್ಲಿ ಹಳದಿ, ಕಪ್ಪು, ಕೆಂಪು ಮೂರೂ ಇದ್ದರೆ ಪಲ್ಲಾಸ್ ಗಲ್. ಇದಕ್ಕೆ ಬೇರೆಯವಕ್ಕಿಂತ ಮೊದಲೇ, ಫೆಬ್ರವರಿಯಲ್ಲೇ, ತಲೆ ಕಪ್ಪಾಗತೊಡಗುತ್ತದೆ.

ಟರ್ನ್‌ಗಳಿಗೆ ಕೊಕ್ಕು ಸಾಕು. ಕಿತ್ತಳೆ ಕೊಕ್ಕಾದರೆ ಕಿರು ಜುಟ್ಟಿನ ಟರ್ನ್. ಹಸಿರು ಮಿಶ್ರಿತ ಹಳದಿಯಾದರೆ ಹಿರಿ ಜುಟ್ಟಿನದು. ದಪ್ಪ ಕಪ್ಪು ಕೊಕ್ಕು ಗಲ್‌ಕೊಕ್ಕಿನ ಟರ್ನ್‌ದು. ಕ್ಯಾರೆಟ್ಟಿನಂಥ ದೊಡ್ಡ ಕೆಂಪು ಕೊಕ್ಕು ಕಂಡರೆ ಕ್ಯಾಸ್ಪಿಯನ್.

ಬೆಳ್ಳಕ್ಕಿಗಳ ನಡುವೆ ಸ್ಲೇಟಿನ ಬಣ್ಣದ, ಗಂಟಲಷ್ಟೇ ಬಿಳಿಯಾದ ಒಂದು ನಿಂತಿದ್ದರೆ ಅದು ಕಡಲ ಬೆಳ್ಳಕ್ಕಿ. ಬಿಳಿ ರೂಪದ ಕಡಲ ಬೆಳ್ಳಕ್ಕಿಯೂ ಇದೆ, ಅದನ್ನು ಸಣ್ಣ ಬೆಳ್ಳಕ್ಕಿಯಿಂದ ಬೇರೆ ಮಾಡಲು ಕೊಕ್ಕನ್ನು ಪಕ್ಕದಿಂದ ತೆಗೆಯಿರಿ: ಕಡಲ ಬೆಳ್ಳಕ್ಕಿಯದು ದಪ್ಪ, ತುದಿಗೆ ತುಸು ಬಾಗಿದ್ದು, ಹೆಚ್ಚಾಗಿ ಹಳದಿ ಅಥವಾ ಕಂದು ಛಾಯೆಯದು.

ಒಳಗೆ ಹೋಗಲು ಅನುಮತಿ ಬೇಕೇ?

ಮೀನುಗಾರಿಕೆ ಬಂದರು ಕೆಲಸದ ಜಾಗ. ಗೇಟಿನಲ್ಲಿ ಕೇಳಿ ಒಳಗೆ ಹೋಗಿ, ಬೋಟು ಹತ್ತುವ ಮುಂಚೆ ತಾಂಡೇಲರನ್ನು (ಬೋಟು ನಡೆಸುವವರು) ಕೇಳಿ. ಪಣಂಬೂರಿನ ನವಮಂಗಳೂರು ಬಂದರು ಬೇರೆಯೇ ಸಂಗತಿ. ಅಲ್ಲಿ ಪಾಸ್ ಇಲ್ಲದೆ ಪ್ರವೇಶವಿಲ್ಲ. ಕಾರವಾರದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇರುವುದರಿಂದ ಬೈತಖೋಲ್ ಸುತ್ತ ಲೆನ್ಸ್ ಯಾವ ಕಡೆ ತಿರುಗಿದೆ ಎಂಬ ಎಚ್ಚರ ಇರಲಿ. ನಿಷೇಧಿತ ಸ್ಥಳದ ಚಿತ್ರ ತೆಗೆಯುವುದು 1923ರ ಅಧಿಕೃತ ರಹಸ್ಯಗಳ ಕಾಯ್ದೆಯಡಿ ಅಪರಾಧ, 'ಹಕ್ಕಿ ತೆಗೆಯುತ್ತಿದ್ದೆ' ಎಂಬ ಸಬೂಬು ನಡೆಯುವುದಿಲ್ಲ. ಗುರುತಿನ ಚೀಟಿ ಜೇಬಿನಲ್ಲಿರಲಿ. ಕರಾವಳಿ ಕಾವಲು ಪೊಲೀಸರು ಕೇಳಿದರೆ ತೋರಿಸಿದರಾಯಿತು.

ಮೀನು ಆಯುವ ಹೆಂಗಸರ ಚಿತ್ರ ಹಕ್ಕಿಯ ಜೊತೆ ಬರುತ್ತದಾದರೆ ಮೊದಲು ಕ್ಯಾಮೆರಾ ಇಳಿಸಿ 'ಅಕ್ಕ, ಒಂದು ಫೋಟೋ ತೆಗೀಲಾ?' ಎಂದು ಕೇಳಿ. ಬೇಡವೆಂದರೆ ಬೇಡ. ಹರಾಜು ನಡೆಯುವಾಗ ಕೇಳಲೂ ಹೋಗಬೇಡಿ, ಆಗ ಅವರ ದಿನದ ಲಾಭ ನಷ್ಟ ತೀರ್ಮಾನವಾಗುತ್ತಿರುತ್ತದೆ.

ಎಷ್ಟು ಎಂಎಂ ಲೆನ್ಸ್ ಬೇಕು?

ಅಂದುಕೊಂಡದ್ದಕ್ಕಿಂತ ಕಡಿಮೆ. ಮೀನು ಇಳಿಸುವಲ್ಲಿ ಗರುಡ, ಗಲ್‌ಗಳು 8-10 ಮೀಟರ್ ಹತ್ತಿರ ಬರುತ್ತವೆ. 70-300 ಅಥವಾ 100-400 ಧಾರಾಳ. 600 ಎಂಎಂನಲ್ಲಿ ಹತ್ತಿರದ ಹಕ್ಕಿಯ ರೆಕ್ಕೆ ಚೌಕಟ್ಟಿನಿಂದ ಹೊರಗೆ ಬೀಳುತ್ತದೆ, ಹಾರುವಾಗ ಹುಡುಕಿಕೊಳ್ಳುವುದೂ ಕಷ್ಟ. ಅದು ಮರಳುದಿಣ್ಣೆಗೆ, ಡಾಲ್ಫಿನ್‌ಗೆ. ಟ್ರೈಪಾಡ್ ತರಲೇಬೇಡಿ, ತಳ್ಳುಗಾಡಿ, ಕ್ರೇಟು ಹೊತ್ತವರ ದಾರಿಗೆ ಅಡ್ಡ. ತೂಕ ತಡೆಯದಿದ್ದರೆ ಮೊನೊಪಾಡ್ ಸಾಕು.

ಬಿಳಿ ಹಕ್ಕಿ ಸುಣ್ಣ ಬಳಿದಂತೆ ಬರುತ್ತದೆ. ಏಕೆ?

ಕ್ಯಾಮೆರಾದ ಮೀಟರ್ ಇಡೀ ಚೌಕಟ್ಟಿನ ಸರಾಸರಿ ನೋಡುತ್ತದೆ. ಹಿಂದೆ ಕಡುನೀಲಿ ಬೋಟು ಇದ್ದರೆ ಚಿತ್ರ ಕಪ್ಪಾಗಿದೆಯೆಂದು ಬೆಳಕು ಏರಿಸುತ್ತದೆ, ಗಲ್‌ನ ಎದೆಯ ಗರಿ ಅಳಿಸಿಹೋಗುತ್ತದೆ. ಅದೇ ಹಕ್ಕಿ ಎರಡು ಸೆಕೆಂಡಿನಲ್ಲಿ ಆಕಾಶದ ಮುಂದೆ ಬಂದರೆ ಬೆಳಕು ಇಳಿಸಿ ಹಕ್ಕಿಯನ್ನು ಬೂದಿ ಮಾಡುತ್ತದೆ. ಬಂದರಿನಲ್ಲಿ ಹಿನ್ನೆಲೆ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಕಾಂಪೆನ್ಸೇಶನ್ (ಮೀಟರ್ ಹೇಳಿದ ಬೆಳಕನ್ನು ಏರಿಸಿ ಇಳಿಸುವ ಸೆಟ್ಟಿಂಗ್) ತಿರುಗಿಸುತ್ತ ಕೂರುವುದು ವ್ಯರ್ಥ. ಮ್ಯಾನುಯಲ್‌ಗೆ ಹೋಗಿ. ಹಕ್ಕಿಯ ಮೇಲೆ ಬೀಳುವ ಬಿಸಿಲು ಬದಲಾಗದಿದ್ದರೆ ಸೆಟ್ಟಿಂಗೂ ಬದಲಾಗಬೇಕಿಲ್ಲ.

ಬೆಳಿಗ್ಗೆ 7:30ರ ಬಿಸಿಲಿಗೆ ಐಎಸ್‌ಒ 800, ಎಫ್/6.3, 1/2000ರಿಂದ ಶುರುಮಾಡಿ. 9 ಗಂಟೆ ದಾಟಿ ಬಿಸಿಲು ಬಲಿತ ಮೇಲೆ ಐಎಸ್‌ಒ 400, ಎಫ್/8, 1/2500. ಕೂತ ಗಲ್ ಒಂದನ್ನು ತೆಗೆದು ಹಿಸ್ಟೋಗ್ರಾಮ್ (ಚಿತ್ರದ ಕಪ್ಪು-ಬಿಳಿ ಹಂಚಿಕೆ ತೋರಿಸುವ ನಕ್ಷೆ) ನೋಡಿ: ಬಲತುದಿಗೆ ಹತ್ತಿರ ಬಂದು, ತಾಗದೆ ನಿಂತಿರಬೇಕು. ಸುಟ್ಟ ಬಿಳಿಯನ್ನು ಮಿನುಗಿಸಿ ತೋರಿಸುವ ಎಚ್ಚರಿಕೆ ಆನ್ ಮಾಡಿಟ್ಟು, ಎದೆ ಮಿನುಗಿದರೆ ಶಟರ್ ವೇಗ ಮೂರನೇ ಒಂದು ಸ್ಟಾಪ್ ಏರಿಸಿ. ನೀರಿನ ಮೇಲಿನ ಹೊಳಪು ಮಿನುಗಿದರೆ ತಲೆಕೆಡಿಸಿಕೊಳ್ಳಬೇಡಿ. ಮೋಡ ಅಡ್ಡ ಬಂದರೆ ಎಲ್ಲವನ್ನೂ ಮತ್ತೆ ನೋಡಬೇಕು, ಅದೊಂದೇ ತೊಂದರೆ. ರಾ ಫೈಲಿನಲ್ಲೇ (ಕ್ಯಾಮೆರಾ ಸಂಸ್ಕರಿಸದ ಕಚ್ಚಾ ಫೈಲು) ತೆಗೆಯಿರಿ. ಆದರೂ ಪೂರ್ತಿ ಸುಟ್ಟ ಬಿಳಿಯನ್ನು ರಾ ಕೂಡ ಮರಳಿ ತರಲಾರದು.

ಗಲ್‌ನ ರೆಕ್ಕೆಯಡಿ ಹಸಿರೋ ಕೆಂಪೋ ಛಾಯೆ ಕಂಡರೆ ಗಾಬರಿ ಬೇಡ, ಬೋಟಿನ ಬಣ್ಣದ ಪ್ರತಿಫಲನ ಅದು. ವೈಟ್ ಬ್ಯಾಲೆನ್ಸ್ ಎಳೆದಾಡಿ ಅದನ್ನು ತೆಗೆಯಲು ಹೋದರೆ ಉಳಿದದ್ದೆಲ್ಲ ಕೆಡುತ್ತದೆ. ನಮ್ಮ ಮಟ್ಟಿಗೆ ಆ ಛಾಯೆ ಇರುವುದೇ ಚಂದ.

ಫೋಕಸ್ ಹಗ್ಗಕ್ಕೆ, ಕಾಗೆಗೆ ಹೋಗಿ ಕೂರುತ್ತದೆ!

ಬಯಲಿನ ಹಕ್ಕಿ ತೆಗೆದು ಅಭ್ಯಾಸವಾದವರಿಗೆ ಬಂದರು ಕೊಡುವ ಮೊದಲ ಪೆಟ್ಟು ಇದು. ಕಂಬ, ಹಗ್ಗ, ಬಲೆಯ ಬೆಂಡು, ಆಂಟೆನಾ ಎಲ್ಲ ಹಕ್ಕಿಗಿಂತ ಗಟ್ಟಿ ಗೆರೆಗಳು. ನಿರಂತರ ಫೋಕಸ್ ಇಟ್ಟು, ಬೋಟುಗಳ ಹಿನ್ನೆಲೆಯಲ್ಲಿ ಸಣ್ಣ ಝೋನ್, ಆಕಾಶದ ಹಿನ್ನೆಲೆಯಲ್ಲಿ ಅಗಲ ಝೋನ್ ಬಳಸಿ. ಎರಡನ್ನೂ ಬೇರೆ ಬೇರೆ ಬಟನ್‌ಗೆ ಹಾಕಿಕೊಂಡರೆ ಕೆಲಸ ಹಗುರ. ಟ್ರ್ಯಾಕಿಂಗ್ ಸೂಕ್ಷ್ಮತೆಯನ್ನು 'ಹಿಡಿದದ್ದನ್ನು ಬಿಡಬೇಡ' ಎಂಬ ಕಡೆಗೆ ಸರಿಸಿ, ನಡುವೆ ಹಗ್ಗ ಹಾದರೂ ಫೋಕಸ್ ಜಿಗಿಯುವುದಿಲ್ಲ. ಕಣ್ಣು ಗುರುತಿಸುವ ಕ್ಯಾಮೆರಾಗಳೂ ಕಾಗೆಗಳ ಗುಂಪಿನಲ್ಲಿ ತಪ್ಪು ಹಕ್ಕಿಯನ್ನು ಆರಿಸುತ್ತವೆ. ಹಕ್ಕಿ ದೂರವಿದ್ದಾಗಲೇ, ಒಂಟಿಯಾಗಿದ್ದಾಗಲೇ ಹಿಡಿದುಕೊಂಡು ಜೊತೆಗೆ ಬನ್ನಿ.

ಇನ್ನೊಂದು ಲೆಕ್ಕ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 400 ಎಂಎಂ, ಎಫ್/6.3, 10 ಮೀಟರ್ ದೂರ ಎಂದರೆ ಚೂಪಾಗಿ ಬರುವ ಆಳ ಸುಮಾರು 24 ಸೆಂಟಿಮೀಟರ್. ಕಂದುತಲೆ ಗಲ್‌ನ ರೆಕ್ಕೆಯಗಲ ಒಂದು ಮೀಟರಿಗೂ ಹೆಚ್ಚು. ಪಕ್ಕಕ್ಕೆ ವಾಲಿ ಬರುವ ಹಕ್ಕಿಯ ಒಂದು ರೆಕ್ಕೆ ಮಸುಕಾಗಲೇಬೇಕು. ಕಣ್ಣು ಚೂಪಾಗಿದ್ದರೆ ಅಷ್ಟು ಸಾಕು.

ಗರುಡ ಮೀನು ಎತ್ತುವ ಕ್ಷಣ ಹಿಡಿಯುವುದು ಹೇಗೆ?

ಗರುಡ ನೇರವಾಗಿ ಬೀಳುವುದಿಲ್ಲ. ಒಂದೆರಡು ಸುತ್ತು ಹಾಕಿ, ಗಾಳಿಗೆದುರಾಗಿ ಇಳಿಜಾರಿನಲ್ಲಿ ಜಾರಿ, ನೀರಿನ ಮೇಲ್ಮೈಯಿಂದ ಕಾಲಲ್ಲಿ ಎತ್ತಿಕೊಂಡು ಹಾರುತ್ತಲೇ ತಿನ್ನುತ್ತದೆ. ಕತ್ತು ಬಗ್ಗಿಸಿ ಕೆಳಗೆ ನೋಡಿ, ಕಾಲು ಇಳಿಬಿಟ್ಟಿತು ಎಂದರೆ ಬಟನ್ ಒತ್ತಿ. ಅದಕ್ಕೂ ಮುಂಚೆ ಒತ್ತಿದರೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ತುಂಬಿ ಮುಖ್ಯ ಕ್ಷಣದಲ್ಲಿ ಕ್ಯಾಮೆರಾ ಸುಮ್ಮನಾಗುತ್ತದೆ. 1/2500ಕ್ಕಿಂತ ಕಡಿಮೆ ಬೇಡ. ಟರ್ನ್ ಧುಮುಕುವುದಕ್ಕೆ 1/3200. ಗರುಡದ ಇಟ್ಟಿಗೆಬಣ್ಣದ ಮೈ, ಬಿಳಿ ತಲೆ ಎರಡರಲ್ಲೂ ವಿವರ ಬೇಕೆಂದರೆ ಸೂರ್ಯ ತಗ್ಗಿನಲ್ಲಿರುವ ಹೊತ್ತೇ ಆಗಬೇಕು.

ಎತ್ತಿದ ಮೇಲೂ ಕ್ಯಾಮೆರಾ ಇಳಿಸಬೇಡಿ. ಕಾಗೆ, ಹದ್ದು, ಇನ್ನೊಂದು ಗರುಡ ಬೆನ್ನಟ್ಟಿ ಕಸಿಯುವ ಜಗಳವೇ ಹೆಚ್ಚು ಸೊಗಸು.

ಮೀನೋ ಮಿಕ್ಸ್ಚರೋ ಎಸೆದು ಕರೆಯಬಹುದೇ?

ಬೇಡ. ಕರಿದ ತಿಂಡಿ, ಬ್ರೆಡ್ಡು ಗಲ್‌ಗಳ ಆಹಾರವಲ್ಲ, ಎಸೆದ ಕಡೆ ಕಾಗೆ, ನಾಯಿಗಳು ಮೊದಲು ಬರುತ್ತವೆ. ಚಿತ್ರವೂ ಕೆಡುತ್ತದೆ: ಎಲ್ಲ ಹಕ್ಕಿಗಳೂ ಮೇಲೆ ನೋಡುತ್ತ ಬಾಯಿ ತೆರೆದ ಒಂದೇ ಭಂಗಿ. ಬಲೆ ಕೊಡವುವ, ಕಸಮೀನು ಆರಿಸಿ ಬಿಸಾಡುವ ಬೋಟಿನಿಂದ 15 ಮೀಟರ್ ದೂರ ನಿಂತು ಕಾಯಿರಿ, ಕೆಲಸ ತಾನೇ ಆಗುತ್ತದೆ.

ಕಾಲಿಗೆ ಏನು ಹಾಕಬೇಕು? ಬೇರೆ ಅಪಾಯಗಳೇನು?

ಹಿಡಿತವಿರುವ ರಬ್ಬರ್ ಅಟ್ಟೆಯ ಮುಚ್ಚಿದ ಬೂಟು. ಮಂಜುಗಡ್ಡೆ ನೀರು, ಲೋಳೆ, ಮೀನಿನ ಪೊರೆ ಸೇರಿದ ಕಾಂಕ್ರೀಟು ಎಣ್ಣೆ ಹಚ್ಚಿದ್ದಕ್ಕಿಂತ ಜಾರುತ್ತದೆ. ಚಪ್ಪಲಿ ಬೇಡವೆನ್ನಲು ಇನ್ನೊಂದು ಕಾರಣ ನೆಲದ ಮೇಲಿನ ಮುಳ್ಳು: ತೊರಕೆ ಮೀನಿನ (ಸ್ಟಿಂಗ್‌ರೇ) ಬಾಲದ ಮುಳ್ಳು, ತೇಡೆ ಮೀನಿನ ಮುಳ್ಳು ಸತ್ತ ಮೇಲೂ ಚುಚ್ಚಿ ವಿಷವೇರಿಸಬಲ್ಲವು. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು, ನಂತರ ವೈದ್ಯರ ಬಳಿ ಹೋಗಿ.

ಬಲೆಯಿಂದ ಕಡಲ ಹಾವುಗಳೂ ಬರುತ್ತವೆ. ಧಕ್ಕೆಯ ಮೇಲೆ ಸತ್ತಂತೆ ಬಿದ್ದಿರುವುದು ಸತ್ತಿರಬೇಕೆಂದಿಲ್ಲ. ಚಪ್ಪಟೆ ಬಾಲ ಕಂಡರೆ ದೂರ ನಿಂತು ತೆಗೆಯಿರಿ, ಕಡ್ಡಿಯಿಂದಲೂ ಕದಲಿಸಬೇಡಿ. ಕಚ್ಚಿದ್ದು ನೋಯದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಸಂಗತಿ ಅದು.

ಬಿಗಿಯಾದ ಹಗ್ಗದ ಮೇಲೆ, ಹಗ್ಗದ ಸುರುಳಿಯೊಳಗೆ ಕಾಲಿಡಬಾರದು. ಬೋಟು ಅಲುಗಿದರೆ ಅದು ಎಳೆದುಕೊಂಡೇ ಹೋಗುತ್ತದೆ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ಹಿಂದಕ್ಕೆ ಹೆಜ್ಜೆ ಇಡುವುದಂತೂ ಬೇಡವೇ ಬೇಡ: ಹಿಂದೆ ಲಾರಿ, ಮುಂದೆ ನೀರು.

ಡಾಲ್ಫಿನ್, ನೀರುನಾಯಿ ಸಿಗುತ್ತವೆಯೇ?

ಅಳಿವೆ ಬಾಗಿಲುಗಳಲ್ಲಿ ಹಂಪ್‌ಬ್ಯಾಕ್ ಡಾಲ್ಫಿನ್‌ಗಳು ದಡದಿಂದಲೇ ಕಾಣುತ್ತವೆ. ಹಾರಿ ಜಿಗಿಯುವುದು ಅಪರೂಪ, ಬೆನ್ನು ಮತ್ತು ಗೂನಿನ ಮೇಲಿನ ರೆಕ್ಕೆಯಷ್ಟೇ ಏಳುತ್ತದೆ. ಒಂದೆರಡು ಸಲ ಬೇಗಬೇಗ ಎದ್ದು ಆಮೇಲೆ ಆಳಕ್ಕೆ ಹೋಗುವುದು ವಾಡಿಕೆ. ಮೊದಲ ಸಲ ಎದ್ದ ಜಾಗಕ್ಕೆ ಲೆನ್ಸ್ ತಿರುಗಿಸಿದರೆ ನೀರಿನ ಉಂಗುರ ಸಿಗುತ್ತದೆ; ಅದು ಸಾಗುವ ದಿಕ್ಕಿನಲ್ಲಿ ಸ್ವಲ್ಪ ಮುಂದೆ ಹಿಡಿದು ಕಾಯಿರಿ. ದೋಣಿಯಲ್ಲಿದ್ದರೆ ಬೆನ್ನಟ್ಟಿಸಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ ಅದು. ನೀರುನಾಯಿ ಬಂದರಿನ ಗಲಾಟೆಗೆ ಬರುವುದು ಕಡಿಮೆ. ನದಿಯ ಮೇಲ್ಗಡೆ, ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಬದಿಯಲ್ಲಿ ನೋಡಬೇಕು.

ಡ್ರೋನ್?

ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಡ್ರೋನ್ ನಕ್ಷೆಯಲ್ಲಿ ಕೆಂಪು ವಲಯವಿದ್ದರೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಹಸಿರು ವಲಯದಲ್ಲೂ ಹಕ್ಕಿಗಳ ಗುಂಪಿನ ಮೇಲೆ ಬೇಡ: ಗಲ್‌ಗಳು ಚದುರುತ್ತವೆ, ಗರುಡ ಮತ್ತು ಹದ್ದು ಎರಗಲು ಬರುತ್ತವೆ.

ಉಪ್ಪು, ಹಬೆ, ಫಂಗಸ್‌ನಿಂದ ಕ್ಯಾಮೆರಾ ಉಳಿಸಿಕೊಳ್ಳುವುದು ಹೇಗೆ?

ಎಸಿ ರೂಮಿನಿಂದ ನೇರ ಬಂದರಿಗೆ ಬಂದು ಬ್ಯಾಗು ತೆರೆದರೆ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ, ಏಕೆಂದರೆ ಗಾಜು ಇನ್ನೂ ತಣ್ಣಗಿದೆ. ರಾತ್ರಿ ಕ್ಯಾಮೆರಾವನ್ನು ಎಸಿ ಇಲ್ಲದ ಕಡೆ ಇಡಿ, ಅಥವಾ ಬ್ಯಾಗಿನ ಜಿಪ್ ಹಾಕಿಯೇ 30-40 ನಿಮಿಷ ಹೊರಗಿನ ಬಿಸಿಗೆ ಬಿಡಿ. ಲೆನ್ಸ್ ಬದಲಿಸುವುದಿದ್ದರೆ ಧಕ್ಕೆಯಲ್ಲಲ್ಲ, ವಾಹನದೊಳಗೆ.

ಮನೆಗೆ ಬಂದ ಮೇಲೆ ಒಣಬಟ್ಟೆಯಿಂದ ಉಜ್ಜಬೇಡಿ. ಉಪ್ಪಿನ ಹರಳು ಗಾಜಿನ ಲೇಪವನ್ನು ಗೀರುತ್ತದೆ. ಮೊದಲು ಬ್ಲೋವರ್. ಆಮೇಲೆ ಸಿಹಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಬಾಡಿ, ಲೆನ್ಸಿನ ಹೊರಮೈ, ಝೂಮ್ ರಿಂಗ್ ಒರೆಸಿ, ಒಣ ಬಟ್ಟೆಯಿಂದ ತೇವ ತೆಗೆಯಿರಿ. ಗಾಜಿಗೆ ಕೊನೆಯಲ್ಲಿ ಲೆನ್ಸ್ ದ್ರವ. ಹುಡ್ಡನ್ನು ನಲ್ಲಿಯಡಿಯೇ ತೊಳೆಯಬಹುದು. ಮೀನಿನ ಲೋಳೆ ಸಿಡಿಯುವ ಜಾಗವಾದ್ದರಿಂದ ಮುಂದೆ ಒಂದು ಕ್ಲಿಯರ್ ಫಿಲ್ಟರ್ ಹಾಕುವುದು ಇಲ್ಲಿ ಸಮರ್ಥನೀಯ. ಪೋಲರೈಸರ್ ಮಾತ್ರ ಬೇಡ, ಒಂದೂವರೆ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ.

ಡ್ರೈ ಬಾಕ್ಸಿನಲ್ಲಿ ತೇವಾಂಶ ಶೇ. 40-50 ಇರಲಿ. ಸಿಲಿಕಾ ಜೆಲ್‌ನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಬಳಸಬಹುದು. ಅಡುಗೆಗೆ ಬಳಸದ ಬಾಣಲೆ ಆಗಿರಲಿ.

ಬಲೆಯ ದಾರದಲ್ಲಿ ಸಿಕ್ಕಿದ ಹಕ್ಕಿ ಕಂಡರೆ? ಕಾಲಲ್ಲಿ ಉಂಗುರ ಇದ್ದರೆ?

ನೈಲಾನ್ ದಾರ ಸುತ್ತಿಕೊಂಡ ಹಕ್ಕಿ ಹಾರಬಲ್ಲುದಾದರೆ ಓಡಿಸಿ ಸುಸ್ತು ಮಾಡಬೇಡಿ. ಬಿದ್ದಿದ್ದರೆ ತಲೆಯ ಮೇಲೆ ಬಟ್ಟೆ ಮುಚ್ಚಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಅರಣ್ಯ ಸಹಾಯವಾಣಿ 1926ಕ್ಕೆ ಕರೆಮಾಡಿ. ದಾರವನ್ನು ಎಳೆಯದೆ ಕತ್ತರಿಸಬೇಕು, ಎಳೆದರೆ ಚರ್ಮ ಕೊಯ್ಯುತ್ತದೆ. ಗಲ್‌ನ ಕೊಕ್ಕು ಬೆರಳಿಗೆ ಬರುತ್ತದೆ, ಗರುಡನದು ಉಗುರು.

ಉಂಗುರ ಕಂಡರೆ ಕಾಲಿನ ಸುತ್ತ ನಾನಾ ಕೋನಗಳಿಂದ ಸಾಧ್ಯವಾದಷ್ಟು ತೆಗೆಯಿರಿ. ಒಂದು ಚಿತ್ರದಲ್ಲಿ ಎರಡು ಅಂಕಿ, ಇನ್ನೊಂದರಲ್ಲಿ ಉಳಿದ ಅಂಕಿ ಸಿಕ್ಕಿ ಸಂಖ್ಯೆ ಪೂರ್ತಿಯಾಗುತ್ತದೆ. ಬಣ್ಣದ ಉಂಗುರವಾದರೆ ಯಾವ ಕಾಲು, ಮಂಡಿಯ ಮೇಲೋ ಕೆಳಗೋ, ಅಕ್ಷರದ ಬಣ್ಣ ಯಾವುದು ಎಂಬುದನ್ನೂ ಬರೆದುಕೊಳ್ಳಿ. ಭಾರತದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸವನ್ನು ಬಹುಕಾಲದಿಂದ ಮಾಡುತ್ತಿರುವುದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ಚಿತ್ರ, ದಿನಾಂಕ, ಜಾಗದ ವಿವರವನ್ನು ಅವರಿಗೆ ಕಳಿಸಿ, ಹಕ್ಕಿ ನೋಡಿದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದ ಪಟ್ಟಿಯಲ್ಲೂ ಸೇರಿಸಿ. ಕ್ರಾಪ್ ಮಾಡದ ಮೂಲ ಫೈಲನ್ನು ಅಳಿಸದೆ ಇಟ್ಟುಕೊಂಡಿರಿ, ಅಂಕಿಯ ಬಗ್ಗೆ ಅನುಮಾನ ಬಂದರೆ ಅದನ್ನೇ ಕೇಳುತ್ತಾರೆ.